ಥರ್ಜಾಳ ಮೇಣದ ಡಬ್ಬಿ

ಕಬ್ಬಿಣದ ಎರಕದ ಊರಾದ ಟಿಪ್ಟನ್ನಿನ ಬೀದಿಯಲ್ಲಿ ಮುದುಕಿ ಥರ್ಜಾ ಡ್ಯಾಂಕ್ಸ್ ನಡೆದು ಹೊರಟರೆ ಹಿಂದೆ ಮಕ್ಕಳ ದಂಡು ಇದ್ದೇ ಇರುತ್ತಿತ್ತು. ಅವಳ ಕೈಯಲ್ಲಿ ಮನೆಯ ದೊಡ್ಡ ಬೀಗದ ಕೈ. ದೀಪದ ಕಂಬ ಕಂಡರೆ ಟಣ್, ರೈಲು ನಿಲ್ದಾಣದ ಕಂಬ ಕಂಡರೆ ಟಣ್. ಸಂತೆ ಮಾಳಿಗೆಯ ತೊಲೆಗೆ ಕೈ ಎಟುಕದಿದ್ದರೆ ಯಾರದೋ ಕೊಡೆ ಇಸಿದುಕೊಂಡು ಅದರ ತುದಿಯಿಂದ ಟಣ್. ತಟ್ಟುವಳು, ತಲೆ ಓರೆ ಮಾಡಿ ಆಲಿಸುವಳು, ಮುಂದೆ ಹೋಗುವಳು. "ಅಜ್ಜೀ, ಒಳಗೆ ಯಾರಿದಾರೆ?" ಎಂದು ಹುಡುಗರು ಕೂಗುವರು. "ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೋತಾ ಇದೀನಿ ಕಣ್ರೋ" ಎನ್ನುವಳು. ಮುದುಕಿಗೆ ಅರಳುಮರಳು ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಊರಿಗೇನು, ತೀರ್ಮಾನ ಮಾಡುವುದಕ್ಕೆ ಬೇಕಾದಷ್ಟು ಪುರುಸೊತ್ತು ಇರುತ್ತದೆ. ಯಾಕೆ ಎಂದು ಕೇಳುವುದಕ್ಕೆ ಮಾತ್ರ ಇರುವುದಿಲ್ಲ.

ಅವಳಿಗೆ ಅರಳುಮರಳು ಇರಲಿಲ್ಲ. ಇದ್ದದ್ದು ಭಯ. ಆ ಭಯ ಹುಟ್ಟಿದ್ದು ಪಾರ್ಜಿಟರ್ ಎರಕದ ಕಾರ್ಖಾನೆಯಲ್ಲಿ, ಅವಳಿಗೆ ಮೂವತ್ತೆರಡು ವರ್ಷವಾಗಿದ್ದಾಗ.

ಪಾರ್ಜಿಟರ್ ಮನೆತನದ ಮೊದಲನೆಯವನು ಕಾಲುವೆ ದಂಡೆಯಲ್ಲಿ ಒಂದು ಕುಲುಮೆ ಹೂಡಿ ಬಾಣಲೆ, ಗಡಿಗೆ ಎರೆದು ಮಾರುತ್ತಿದ್ದ. ಅವನ ಮಗ ಒಲೆಯ ಜಾಲರಿ ಎರೆದ, ದೀಪದ ಕಂಬ ಎರೆದ. ಮೊಮ್ಮಗ ಸೇತುವೆಗೆ ಕೈಹಾಕಿದ. ಯುದ್ಧ ಬಂದಾಗ ತೋಪಿನ ಗುಂಡಿಗೂ ಕೈಹಾಕಿದ. ಮೂರು ತಲೆಮಾರಿನಲ್ಲಿ ಅವರ ಮನೆ ಗುಡ್ಡ ಹತ್ತಿ ಗಾಳಿ ಬೆಳಕು ಇರುವ ಕಡೆ ಕೂತಿತು. ನಮ್ಮವರ ಮನೆಗಳು ಹೊಗೆಯೊಳಗೇ ಉಳಿದವು. ಆದರೂ ನಮಗೆ ಪಾರ್ಜಿಟರ್ ಎಂದರೆ ಹೆಮ್ಮೆಯೇ. ಯಾವ ಊರಿಗೆ ಹೋದರೂ ಚರಂಡಿ ಮುಚ್ಚಳದ ಮೇಲೆ ಆ ಹೆಸರು ಕಂಡರೆ ಮನೆಯವರನ್ನು ಕಂಡ ಹಾಗೆ ಆಗುತ್ತಿತ್ತು.

ಎರಕದವರದು ಒಂದು ಕಟ್ಟುನಿಟ್ಟಾದ ಕಾನೂನು. ಮರಳಿನ ಅಚ್ಚು ಕಟ್ಟಿ ಎರೆಯುವ ಅಚ್ಚುಗಾರನಿಗೆ ಕೂಲಿ ಸಿಗುವುದು ಒಳ್ಳೆಯ ಎರಕಕ್ಕೆ ಮಾತ್ರ. ಕೆಟ್ಟದ್ದು ಬಂತೋ, ದುಡಿದದ್ದೂ ಹೋಯಿತು, ಮರ್ಯಾದೆಯೂ ಹೋಯಿತು. ಕೆಡುವುದು ಹೇಗೆಂದರೆ, ಕುದಿಯುವ ಬೀಡು ಕಬ್ಬಿಣ ಮರಳಿನ ಅಚ್ಚಿಗೆ ಬಿದ್ದಾಗ ಮರಳಿನ ಪಸೆ ಆವಿಯಾಗಿ ಹೊರಗೆ ಹೋಗಬೇಕು. ದಾರಿ ಸಿಗದಿದ್ದರೆ ಕಬ್ಬಿಣದ ಹೊಟ್ಟೆಯಲ್ಲೇ ಗುಳ್ಳೆಯಾಗಿ ಕೂತುಬಿಡುತ್ತದೆ. ಅದಕ್ಕೆ ಗಾಳಿಗುಳಿ ಎನ್ನುತ್ತೇವೆ. ಮೇಲೆ ನೋಡಿದರೆ ಸೂಜಿ ಚುಚ್ಚಿದಷ್ಟು ತೂತು; ಒಳಗೆ ಎಷ್ಟು ಟೊಳ್ಳೋ ದೇವರೇ ಬಲ್ಲ.

ದೇವರ ಜೊತೆಗೆ ಇನ್ನೊಬ್ಬರು ಬಲ್ಲರು: ಮೇಣ ಹಚ್ಚುವವರು. ಜೇನುಮೇಣ, ಅರದ ಪುಡಿ, ರಾಳ, ದೀಪದ ಮಸಿ, ಇಷ್ಟನ್ನೂ ಕಾಯಿಸಿ ಕಲಸಿ ತೂತಿಗೆ ತುಂಬಿ, ಆರಿದ ಮೇಲೆ ಉಜ್ಜಿಬಿಟ್ಟರೆ ಎಂಥ ಕಣ್ಣಿಗೂ ಕಬ್ಬಿಣವೇ. ಥರ್ಜಾಳ ತಂದೆ ಈನಾಕ್ ಟಿಬೆಟ್ಸ್ ಈ ವಿದ್ಯೆಯಲ್ಲಿ ಎತ್ತಿದ ಕೈ. ನಲವತ್ತು ವರ್ಷ ಅಚ್ಚುಗಾರನಾಗಿದ್ದು ಕೆಲಸ ಬಿಟ್ಟ ದಿನ ತನ್ನ ಮೇಣದ ಡಬ್ಬಿಯನ್ನು ಮಗಳ ಕೈಗಿಟ್ಟ. ಅವಳು ಅದೇ ಕಾರ್ಖಾನೆಯಲ್ಲಿ, ಟೊಳ್ಳು ಎರಕದ ಅಚ್ಚಿನ ನಡುವೆ ಇಡುವ ಮರಳಿನ ತಿರುಳು ಮಾಡುವ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ಕೊಡುವಾಗ ಅವನು ಒಂದೇ ಮಾತು ಹೇಳಿದ: "ನಿಲ್ಲೋದಕ್ಕೆ ಹಚ್ಚು, ಹೊರೋದಕ್ಕೆ ಹಚ್ಚಬೇಡ." ಅಂದರೆ ಕಂಬ, ಜಾಲರಿ, ಬಾಗಿಲ ಗುಬುಟು, ಸುಮ್ಮನೆ ನಿಲ್ಲುವಂಥವು ಏನಾದರೂ ಸರಿ. ಭಾರ ಹೊರುವಂಥದ್ದಕ್ಕೆ ಕೂಡದು.

ಹನ್ನೊಂದು ವರ್ಷ ಅವಳು ಆ ಮಾತು ಮೀರಲಿಲ್ಲ. ಊಟದ ಗಂಟೆಯಲ್ಲಿ ಅಚ್ಚುಗಾರರು ಕೋಟಿನ ಮರೆಯಲ್ಲಿ ತುಂಡು ತಂದು ಇಡುವರು. ಬ್ರೆಡ್ಡಿಗೆ ಹಂದಿಯ ಕೊಬ್ಬು ಸವರುತ್ತಾ ಅವಳು ತಲೆಯೆತ್ತದೆ ಕೇಳುವಳು: "ನಿಲ್ಲೋದಾ, ಹೊರೋದಾ?" ಹೊರೋದು ಎಂದರೆ, "ತಗೊಂಡ್ಹೋಗಪ್ಪ, ಮೇಸ್ತ್ರಿ ಹತ್ರ ಬೈಸ್ಕೋ. ನಿನ್ನ ಹೆಂಡ್ತಿ ಬೈಗುಳಕ್ಕಿಂತ ಅದೇ ಮೆತ್ತಗಿರುತ್ತೆ" ಎನ್ನುವಳು. ನಗುವರು, ಹೋಗುವರು.

ಹೀಗಿರುವಾಗ ಅವಳ ಗಂಡ ಜೋಬ್‌ಗೆ ಗ್ರಹಚಾರ ಕಾಡಿತು. ಅವನೂ ಅಚ್ಚುಗಾರನೇ. ಆ ಚಳಿಗಾಲದಲ್ಲಿ ಕಬ್ಬಿಣದ ಕಿಡಿ ಎಡಗಣ್ಣಿಗೆ ಸಿಡಿದು ಕಣ್ಣು ಮಸುಕಾಯಿತು. ಒಂದು ಎರಕ ಕೆಟ್ಟಿತು, ಇನ್ನೊಂದು ಕೆಟ್ಟಿತು, ಮೂರನೆಯದೂ ಕೆಟ್ಟಿತು. ಮೇಸ್ತ್ರಿ ಕೇಲೆಬ್ ಫೆರೆಡೇ ಕೆಟ್ಟ ಮನುಷ್ಯನಲ್ಲ. ಆದರೆ, "ಇನ್ನೊಂದು ಕೆಡ್ಲಿ ಜೋಬ್, ನೀನು ಅಂಗಳದಲ್ಲಿ ಕಲ್ಲಿದ್ದಲು ಹೊರ್ತೀಯ" ಎಂದುಬಿಟ್ಟ. ಆಮೇಲೆ ಜೋಬ್‌ನ ಕೈಗೆ ಹೆದರಿಕೆ ಹೊಕ್ಕಿತು. ಹೆದರಿದ ಕೈ ಮರಳನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಜಡಿಯುತ್ತದೆ. ಬಿಗಿ ಮರಳು ಉಸಿರಾಡುವುದಿಲ್ಲ. ಕೆಡಬಾರದು ಎಂದು ಜಡಿದಷ್ಟೂ ಎರಕ ಕೆಡುತ್ತದೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಅವನು ಕಂಬಕ್ಕೆ ಕೂರಿಸುವಂಥ, ಮೊಳದುದ್ದದ ಒಂದು ಬಾಗಿದ ಎರಕದ ತೋಳನ್ನು ತಂದು ಥರ್ಜಾಳ ಮುಂದೆ ಇಟ್ಟ. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಕೂತ. ಹದಿಮೂರು ವರ್ಷದ ಸಂಸಾರದಲ್ಲಿ ಅವನು ಮೇಣಕ್ಕೆಂದು ಅವಳ ಮುಂದೆ ಕೂತದ್ದು ಅದೇ ಮೊದಲು. ಎಲ್ಲರನ್ನೂ ಕೇಳುವ ಮಾತು ಥರ್ಜಾಳ ನಾಲಿಗೆ ತುದಿಗೆ ಬಂತು. ಕೇಳಿದರೆ ಅವನು ಹೇಳಬೇಕಾಗುತ್ತದೆ. ಹೇಳಿದರೆ ಇವಳು ಒಲ್ಲೆ ಎನ್ನಬೇಕಾಗುತ್ತದೆ. ಅವಳು ಕೇಳಲಿಲ್ಲ.

ತೂತಿಗೆ ತಂತಿ ಹಾಕಿ ನೋಡಿದಳು. ತಂತಿ ಹೋಯಿತು, ಇನ್ನೂ ಹೋಯಿತು, ಅವಳ ನಡುಬೆರಳಿನಷ್ಟು ಹೋಗಿ ಅಲ್ಲಿ ಪಕ್ಕಕ್ಕೆ ಆಡಿತು. ಒಳಗೆ ಒಂದು ಗುಹೆಯೇ ಇತ್ತು. ಅವಳು ಮೇಣ ತುಂಬಿದಳು. ಹೊಯ್ದಷ್ಟನ್ನೂ ಅದು ನುಂಗಿತು. ಅರ್ಧ ಡಬ್ಬಿ ಮೇಣ ತಿಂದ ಮೇಲೆ ಆ ತೂತು ಬಾಯಿ ಮುಚ್ಚಿತು. "ಸೂಜಿತೂತು ಅಷ್ಟೇ ತಾನೇ?" ಎಂದು ಜೋಬ್ ಕೇಳಿದ. "ಹ್ಞೂಂ, ಅಷ್ಟೇ" ಎಂದಳು. ಆ ತೋಳಿನ ಹೊಟ್ಟೆಯೊಳಗೆ ಏನಿತ್ತೆಂಬುದು ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತು.

ಅದು ಎಲ್ಲಿಗೆ ಹೋಯಿತೆಂದು ಅವಳು ಕೇಳಲೇ ಇಲ್ಲ. ಗೊತ್ತಾದದ್ದು ಜೂನ್ ತಿಂಗಳ ಒಂದು ಶನಿವಾರ.

ಕಾಲುವೆ ದಂಡೆಯ ನಮ್ಮ ಪ್ರಾರ್ಥನೆ ಮನೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಹಾಡಿನ ಭಾನುವಾರ ಬರುತ್ತದೆ. ಅದು ನಮಗೆ ಕ್ರಿಸ್ಮಸ್ಸಿಗಿಂತ ದೊಡ್ಡದು. ಹೆಣ್ಣುಮಕ್ಕಳಿಗೆ ಬಿಳಿ ಲಂಗ ಹೊಲಿಸಬೇಕು, ಇದ್ದಬದ್ದವರೆಲ್ಲ ಬರಬೇಕು, ಮಕ್ಕಳು ಸಾಲುಸಾಲಾಗಿ ಎತ್ತರದಲ್ಲಿ ನಿಂತು ಹಾಡಬೇಕು. ಆ ವರ್ಷ ಅದಕ್ಕೆಂದೇ ಹೊಸ ಅಟ್ಟಣಿಗೆ ಕಟ್ಟಿಸಿದ್ದರು. ಕಬ್ಬಿಣವೆಲ್ಲ ಪಾರ್ಜಿಟರ್ ಯಜಮಾನರ ಕಾಣಿಕೆ. ಹಿಂದಿನ ದಿನ ನೆಲ ತೊಳೆಯಲು ಹೋದ ಹೆಂಗಸರಲ್ಲಿ ಥರ್ಜಾ ಒಬ್ಬಳು. ಬಕೆಟ್ಟು ಹಿಡಿದು ಬಲಗಡೆಯ ಮೂರನೆಯ ಕಂಬದ ಬುಡ ಒರೆಸಿ ಮೇಲೆ ನೋಡಿದಳು. ಕಂಬದ ತಲೆಯಿಂದ ಹೊರಟು ಅಟ್ಟಣಿಗೆಯ ತೊಲೆಯನ್ನು ಹೊತ್ತ ತೋಳಿನ ಮೂಲೆಯಲ್ಲಿ, ಬಿಳಿ ಬಣ್ಣದ ಅಡಿಯಲ್ಲಿ, ಅಚ್ಚುಗಾರನ ಗುರುತು ಉಬ್ಬಿ ಕಂಡಿತು. ಒಂಬತ್ತು. ಜೋಬ್‌ನ ಅಂಕಿ.

ತಾನು ಮೇಣ ತುಂಬಿದ ಆ ತೋಳೇ ಅದು. ಬಕೆಟ್ಟು ಕೈಯಿಂದ ಜಾರಿತು. "ಏನೇ, ಮತ್ತೆ ಬಸುರಾ?" ಎಂದು ಪಕ್ಕದ ಮನೆಯ ಫೀಬಿ ನಕ್ಕಳು. ಥರ್ಜಾ ನಗಲು ನೋಡಿದಳು, ಆಗಲಿಲ್ಲ.

ಮನೆಗೆ ಬಂದು ಜೋಬ್‌ಗೆ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ತನಗೆ ತಾನೇ ಧೈರ್ಯ ಹೇಳಿಕೊಂಡ. "ಹನ್ನೆರಡು ತೋಳಿದಾವೆ ಕಣೇ. ಒಂದ್ರಲ್ಲಿ ಸೂಜಿತೂತು ಇದ್ರೆ ಏನಾಯ್ತು? ನಾಳೆ ಎದ್ದು ಹೇಳಿದ್ರೆ ಕಣ್ಣಿಲ್ಲದ ಜೋಬ್ ದೇವರ ಮನೆಗೂ ಮೇಣ ಹಚ್ಚಿದ ಅಂತಾರೆ. ನನಗೆ ಆಮೇಲೆ ಎಲ್ಲಿದೆ ಕೆಲಸ, ಎಲ್ಲಿದೆ ಮುಖ?" ಸೂಜಿತೂತಲ್ಲ ಎಂದು ಆಗಲಾದರೂ ಥರ್ಜಾ ಹೇಳಬೇಕಿತ್ತು. ಹೇಳಲಿಲ್ಲ. ಒಲೆಯ ಪಕ್ಕ ಕೂತಿದ್ದ ಮುದುಕ ಈನಾಕ್ ಎಲ್ಲ ಕೇಳಿಸಿಕೊಂಡ. ಕುರ್ಚಿಯನ್ನು ಒಲೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.

ಮರುದಿನ ಬೆಳಗ್ಗೆ ಅವಳು ಮಾಡಿದ ಕೆಲಸವನ್ನು ಹೇಳಲು ನನಗೂ ಬಾಯಿ ಬರುವುದಿಲ್ಲ. ಆದರೂ ನಡೆದದ್ದು ನಡೆದ ಹಾಗೆ ಹೇಳಬೇಕು. ಅವಳ ಒಬ್ಬಳೇ ಮಗಳು ಸೆಲೀನಾಳಿಗೆ ಒಂಬತ್ತು ವರ್ಷ. ಬಿಳಿ ಲಂಗ ತೊಟ್ಟು, ಕೂದಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಣಿಯುತ್ತಿದ್ದಳು. ಥರ್ಜಾ ಅವಳ ಹಣೆ ಮುಟ್ಟಿ, "ಮೈ ಬಿಸಿ ಇದೆ, ಇವತ್ತು ಮೇಲೆ ಹತ್ತೋದು ಬೇಡ, ನನ್ನ ಪಕ್ಕ ಕೂತ್ಕೋ" ಎಂದಳು. ಮಗುವಿನ ಮೈ ತಣ್ಣಗೇ ಇತ್ತು. "ಇಲ್ಲಮ್ಮ, ನಂಗೇನಾಗಿಲ್ಲ, ನೋಡು ಬೇಕಾದ್ರೆ" ಎಂದು ಹುಡುಗಿ ಅತ್ತಳು. ತಾಯಿ ಜಗ್ಗಲಿಲ್ಲ.

ಪ್ರಾರ್ಥನೆ ಮನೆಯಲ್ಲಿ ಮೇಸ್ತ್ರಿ ಕೇಲೆಬ್ ಮಕ್ಕಳ ತಲೆ ಎಣಿಸಿದ. ಹಾಡು ನಡೆಸುವವನೂ ಅವನೇ. ವಾರವೆಲ್ಲ ಅಚ್ಚುಗಾರರ ಮೇಲೆ ರೇಗಿದ ಗಂಟಲಿನಲ್ಲೇ ಭಾನುವಾರ ದೇವರನ್ನು ಕೊಂಡಾಡುತ್ತಿದ್ದ. "ಸೆಲೀನಾ ಜಾಗ ಖಾಲಿ ಇದೆಯಲ್ಲ, ಫೀಬಿ ಮಗಳನ್ನ ಅಲ್ಲಿಗೆ ಕಳ್ಸಿ" ಎಂದ. ಫೀಬಿಯ ಮಗಳು ಆರು ವರ್ಷದ ಡಾರ್ಕಸ್ ಹಿಗ್ಗಿನಿಂದ ಓಡಿಹೋಗಿ ಆ ಜಾಗದಲ್ಲಿ ನಿಂತಳು. ಬಲಗಡೆ, ಮೂರನೆಯ ಕಂಬದ ನೇರ ಮೇಲೆ. ಫೀಬಿ ತಿರುಗಿ ಥರ್ಜಾಳ ಕೈ ಒತ್ತಿದಳು. "ನಿನ್ನ ಕೂಸಿಗೆ ಹುಷಾರಿಲ್ಲದೆ ನನ್ನ ಕೂಸಿಗೆ ಜಾಗ ಸಿಕ್ತು ನೋಡು. ಬೇಜಾರು ಮಾಡ್ಕೋಬೇಡ ಕಣಕ್ಕ."

ಥರ್ಜಾ ಕೈ ಬಿಡಿಸಿಕೊಂಡಳು. ಮೇಲೆ ನೂರ ನಲವತ್ತು ಮಕ್ಕಳು. ಕೆಳಗೆ, ಅಟ್ಟಣಿಗೆಯ ಅಡಿಯಲ್ಲೇ, ಅಷ್ಟೇ ಜನ ಅಜ್ಜ ಅಜ್ಜಿಯರು. ಕೇಲೆಬ್ ಕೋಲೆತ್ತಿದಾಗ ಮಕ್ಕಳೆಲ್ಲ ಒಟ್ಟಿಗೆ ಎದ್ದರು. ಹಲಗೆ ಕಿರುಗುಟ್ಟಿತು. ಹೊಸ ಮರ, ಕಿರುಗುಟ್ಟುವುದೇ ಎಂದು ಎಲ್ಲರೂ ಅಂದುಕೊಂಡರು. ಥರ್ಜಾ ಮಾತ್ರ ಉಸಿರು ಬಿಗಿಹಿಡಿದಳು. ಒಂದು ಹಾಡು ಮುಗಿಯಿತು, ಮಕ್ಕಳು ಕೂತರು. ಎರಡನೆಯದಕ್ಕೆ ಮತ್ತೆ ಎದ್ದರು. ಎದ್ದಾಗಲೊಮ್ಮೆ, ಕೂತಾಗಲೊಮ್ಮೆ ಅವಳು ಆ ಕಂಬದ ತಲೆ ನೋಡುತ್ತಿದ್ದಳು.

ಅಷ್ಟರಲ್ಲಿ ಹೊರಗೆ ಮೋಡ ಕವಿಯಿತು. ಮೊದಲೇ ಹೊಗೆಯ ಊರು, ಅದರ ಮೇಲೆ ಗುಡುಗು ಮಳೆ. ಮಟಮಟ ಮಧ್ಯಾಹ್ನ ಕತ್ತಲಾಯಿತು. ಯಾರೋ ಎದ್ದು ಗ್ಯಾಸ್ ದೀಪಗಳನ್ನು ಹಚ್ಚಿದರು. ಹೊಸ ಅಟ್ಟಣಿಗೆಗೆಂದು ಕಂಬಕ್ಕೊಂದರಂತೆ ಹಾಕಿಸಿದ ಹೊಸ ದೀಪಗಳು. ತೋಳಿನಿಂದ ಒಂದು ಗೇಣು ಕೆಳಗೆ ಉರಿಯುವ ಹಾಗೆ ಇಟ್ಟಿದ್ದರು. ಅವತ್ತೇ ಮೊದಲ ಸಲ ಹಚ್ಚಿದ್ದು. ಉರಿ ಸೊಂಯ್ ಎಂದು ಮೇಲೆದ್ದಿತು.

ಮೂರನೆಯ ಹಾಡಿನ ನಡುವೆ ಥರ್ಜಾ ಅದನ್ನು ಕಂಡಳು. ಬಿಳಿ ತೋಳಿನ ಮೇಲೆ ಒಂದು ಕರಿಯ ಹನಿ. ಅದು ದಪ್ಪಗಾಯಿತು, ಜಾರಿತು, ಕಂಬದ ಮೇಲೆ ಒಂದು ಗೆರೆ ಎಳೆದುಕೊಂಡು ಕೆಳಗಿಳಿಯಿತು. ಹಿಂದೆಯೇ ಇನ್ನೊಂದು. ಅವಳ ಮೇಣ. ತೋಳಿನ ಹೊಟ್ಟೆ ಬರಿದಾಗುತ್ತಿತ್ತು. ಮೇಣಕ್ಕೆ ಭಾರ ಹೊರುವ ಶಕ್ತಿ ಎಂದೂ ಇರಲಿಲ್ಲ, ಅದು ಅವಳಿಗೆ ಗೊತ್ತು. ಆದರೂ ತಾನು ಮುಚ್ಚಿಟ್ಟದ್ದು ಕಣ್ಣೆದುರಿಗೆ ಹೊರಗೆ ಬರುತ್ತಿತ್ತು. ಪಕ್ಕದಲ್ಲಿ ಜೋಬ್ ಕಣ್ಣು ಕಿರಿದು ಮಾಡಿ ಅತ್ತಲೇ ನೋಡುತ್ತಿದ್ದ. ಕಾಣಲಿಲ್ಲವೋ, ಕಂಡರೂ ಕಾಣದ ಹಾಗಿದ್ದನೋ. "ಏನದು?" ಎಂದ. "ಸೂಜಿತೂತಲ್ಲ ಜೋಬ್. ಅರ್ಧ ಡಬ್ಬಿ ಹಿಡೀತು" ಎಂದಳು.

ಅವಳು ಎದ್ದಳು. ಕೂಗಬಾರದು ಎಂಬಷ್ಟು ಬುದ್ಧಿ ಇನ್ನೂ ಉಳಿದಿತ್ತು. ಕೂಗಿದರೆ ಮಕ್ಕಳು ಒಂದೇ ಸಲ ಮೆಟ್ಟಿಲಿಗೆ ನುಗ್ಗುತ್ತಾರೆ. ಆ ತುಳಿತಕ್ಕೆ ಒಳ್ಳೆಯ ತೋಳೂ ತಡೆಯಲಾರದು. ನಡುವಿನ ಹಾದಿಯಲ್ಲಿ ನಡೆದು ಹೋದಳು. ಜನ ತಿರುಗಿ ತಿರುಗಿ ನೋಡಿದರು. ಕೇಲೆಬ್‌ನ ಕೋಲು ಗಾಳಿಯಲ್ಲಿ ಆಡುತ್ತಿತ್ತು. ಅವನ ಕಿವಿಯ ಹತ್ತಿರ ಹೋಗಿ ಹೇಳಿದಳು.

"ಮೇಸ್ತ್ರಿಗಳೇ, ಬಲಗಡೆ ಮೂರನೇ ತೋಳು. ಮೇಣ ಇದೆ ಅದ್ರಲ್ಲಿ. ನಾನೇ ಹಚ್ಚಿದ್ದು."

ಕೇಲೆಬ್ ಕೋಲು ನಿಲ್ಲಿಸಲಿಲ್ಲ. ತುಟಿ ಮಾತ್ರ ಆಡಿತು. "ಎಷ್ಟು ಆಳ?"

ಅವಳು ತನ್ನ ನಡುಬೆರಳನ್ನು ಬುಡದವರೆಗೂ ತೋರಿಸಿದಳು. "ಒಳಗೆ ಇನ್ನೂ ಅಗಲ ಇದೆ."

ಮೇಸ್ತ್ರಿಯ ಕತ್ತಿನ ಮೇಲೆ ಬೆವರು ಒಡೆಯಿತು. ಮೂವತ್ತು ವರ್ಷ ಎರಕದಲ್ಲಿ ಬೆಂದವನು. ಬೇರೇನೂ ಕೇಳುವ ಅಗತ್ಯ ಅವನಿಗಿರಲಿಲ್ಲ. ಮೇಲೆ ನೋಡಿದ, ಕರಿಯ ಗೆರೆ ನೋಡಿದ, ಮಕ್ಕಳನ್ನು ನೋಡಿದ. ಆಮೇಲೆ ಅವನು ನಕ್ಕ. ಅವನ ಮುಖದಲ್ಲಿ ಅಂಥ ನಗುವನ್ನು ನಮ್ಮವರು ಎಂದೂ ಕಂಡಿರಲಿಲ್ಲ. ಬಲಗೈಯಲ್ಲಿ ಹಾಡು ನಡೆಸುತ್ತಲೇ ಎಡಗೈಯಿಂದ ಬಲತುದಿಯ ಸಾಲಿಗೆ ಸನ್ನೆ ಮಾಡಿದ: ಬನ್ನಿ, ಹಾಡ್ತಾ ಹಾಡ್ತಾ ಇಳಿದು ಬನ್ನಿ, ಮೆತ್ತಗೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇದೇನೋ ಹೊಸದು ಎಂದು ಖುಷಿಯಿಂದ ಸಾಲು ಕಟ್ಟಿದರು. ಮೊದಲು ಇಳಿದವಳು ಡಾರ್ಕಸ್. ಹಾಡು ಮುಗಿಯಿತು; ಕೇಲೆಬ್ ಮೊದಲಿನಿಂದ ಹಿಡಿದ. ಮತ್ತೆ ಮುಗಿಯಿತು, ಮತ್ತೆ ಹಿಡಿದ. ಒಂದೊಂದು ಸಾಲು ಅಲುಗಿದಾಗಲೂ ಹಲಗೆ ಕಿರ್ ಎನ್ನುವುದು. ಥರ್ಜಾ ಮೆಟ್ಟಿಲ ಬುಡದಲ್ಲಿ ನಿಂತು ತಲೆ ಎಣಿಸುತ್ತಿದ್ದಳು. ನಲವತ್ತು. ಎಪ್ಪತ್ತು. ನೂರರ ಹೊತ್ತಿಗೆ ಎಣಿಕೆ ತಪ್ಪಿತು, ಅವಳಿಗೆ ಅಳು ಬಂದುಬಿಟ್ಟಿತು.

ಬಿಳಿ ಲಂಗದ ಮಕ್ಕಳು ದೇವದೂತರ ಹಾಗೆ ಹಾಡುತ್ತಾ ಇಳಿದು ಬರುವುದನ್ನು ಕಂಡು ಅಜ್ಜಿಯರೂ ಕಣ್ಣೊರೆಸಿಕೊಂಡರು. ಇಂಥ ಚೆಂದದ ಏರ್ಪಾಡು ಯಾವ ವರ್ಷವೂ ಆಗಿರಲಿಲ್ಲ ಎಂದು ಆಮೇಲೆ ಎಷ್ಟೋ ಜನ ಕೇಲೆಬ್‌ನನ್ನು ಹೊಗಳಿದರು. ಮಕ್ಕಳ ಹಿಂದೆ ಹಿರಿಯರನ್ನೂ ಪಕ್ಕದ ಚಾವಡಿಗೆ ಕಳಿಸಿ, ಚಹಾ ಕುಡಿಯಲು ಕೂರಿಸಿ, ಅವನು ಬಾಗಿಲು ಹಾಕಿಕೊಂಡು ಬಂದ. ಒಳಗೆ ಉಳಿದವರು ಅವನು, ಥರ್ಜಾ, ಜೋಬ್, ಮತ್ತು ಜಾಗ ಬಿಟ್ಟು ಏಳದೆ ಕೂತಿದ್ದ ಈನಾಕ್. ಕೇಲೆಬ್ ಏಣಿ ಹಾಕಿ ಹತ್ತಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಎರಡನೆಯ ತೋಳು ಟಣ್ ಎಂದಿತು. ಮೂರನೆಯದು ದೊಪ್ ಎಂದಿತು. ಇನ್ನೊಮ್ಮೆ ತಟ್ಟಿದ. ಕೋಳಿಮೊಟ್ಟೆಯಷ್ಟು ಚಕ್ಕೆ ಕಳಚಿ ಕೆಳಗೆ, ಅಜ್ಜಿಯರು ಕೂತಿದ್ದ ಬೆಂಚಿನ ಮೇಲೆ ಬಿತ್ತು.

ಜೋಬ್ ಆ ಚಕ್ಕೆಯನ್ನು ಕೈಗೆತ್ತಿಕೊಂಡು, "ಅಂಕಿ ನಂದು ಮೇಸ್ತ್ರಿಗಳೇ. ಅಚ್ಚು ನಂದು. ನಾಳೆಯಿಂದ ಅಂಗಳಕ್ಕೆ ಬರ್ತೀನಿ" ಎಂದ. "ಬಾ" ಎಂದ ಕೇಲೆಬ್. ಸಂಜೆಯ ಹಾಡು ಕಾರ್ಖಾನೆಯ ಅಚ್ಚುಮನೆಯಲ್ಲಿ, ಮರಳು ನೆಲದ ಮೇಲೆ ನಡೆಯಿತು. ಸೆಲೀನಾಳೂ ಹಾಡಿದಳು.

ಮನೆಗೆ ಬಂದ ಮೇಲೆ ಥರ್ಜಾ ಮಗಳ ಲಂಗ ಮಡಿಸುತ್ತಾ ತಂದೆಯ ಮುಂದೆ ಕೂತಳು.

"ನನ್ನ ಮಗೂನ ಪಕ್ಕದಲ್ಲಿ ಕೂರಿಸ್ಕೊಂಡು ಫೀಬಿ ಮಗೂನ ಮೇಲೆ ಹತ್ತಿಸ್ದೆ ಅಪ್ಪ. ನಾನು ಮನುಷ್ಯಳೇ ಅಲ್ಲ. ನಿಲ್ಲೋದಕ್ಕೆ ಹಚ್ಚು, ಹೊರೋದಕ್ಕೆ ಹಚ್ಚಬೇಡ ಅಂತ ನೀನು ಹೇಳಿದ್ದೆ. ನಿನ್ನ ಮಾತು ಮೀರಿದೆ. ಬೈಯಾದ್ರೂ ಬೈಯಿ."

"ಬೈಯೋಕೆ ನಂಗೆ ಬಾಯಿಲ್ಲ ಕಣೇ."

"ಯಾಕಿಲ್ಲ?"

ಮುದುಕ ಒಲೆಯ ಕೆಂಡ ಕೆದಕಿದ. "ಆ ಮಾತು ನಂಗೆ ಯಾರು ಹೇಳ್ಕೊಟ್ರು ಅಂದ್ಕೊಂಡೆ? ಯಾರೂ ಹೇಳ್ಕೊಡಲಿಲ್ಲ. ಒಂದ್ಸಲ ಹಚ್ಚಿ ಆದ್ಮೇಲೆ ನಾನೇ ಮಾಡ್ಕೊಂಡಿದ್ದು."

"ಯಾವುದಕ್ಕೆ ಹಚ್ಚಿದೆ?"

ಅವನು ಎರಡೂ ಕೈಯಿಂದ ಮೊಣಕಾಲು ಉಜ್ಜಿಕೊಂಡ. ಆ ಮೊಣಕಾಲು ಊರಿಗೆಲ್ಲ ತಮಾಷೆಯ ವಸ್ತು. ನಮ್ಮ ಕೇರಿಯಿಂದ ಕಾರ್ಖಾನೆಗೆ ಹೋಗಲು ಕಾಲುವೆಯ ಮೇಲೆ ನಮ್ಮ ಕಾರ್ಖಾನೆಯಲ್ಲೇ ಎರೆದ ಒಂದು ಕಬ್ಬಿಣದ ಕಾಲುಸೇತುವೆ ಇದೆ. ದಿನವೂ ನೂರಾರು ಜನ ದಾಟುತ್ತಾರೆ. ಈನಾಕ್ ಒಬ್ಬ ಮಾತ್ರ ಅರ್ಧ ಮೈಲಿ ಸುತ್ತಿ ತೂಬಿನ ಮೇಲಿಂದ ಹೋಗುತ್ತಿದ್ದ. ಮೆಟ್ಟಿಲಿಗೆ ಮೊಣಕಾಲು ಒಲ್ಲದು ಎನ್ನುತ್ತಿದ್ದ. "ಈನಾಕ್‌ಗಿಂತ ಅವನ ಮೊಣಕಾಲಿಗೆ ಮೊದಲೇ ವಯಸ್ಸಾಯ್ತು" ಎಂದು ಜನ ನಗುತ್ತಿದ್ದರು. ಥರ್ಜಾಳೂ ನಕ್ಕಿದ್ದಳು. ಚಿಕ್ಕವಳಿದ್ದಾಗ ಕೈ ಹಿಡಿದು ಅವಳನ್ನೂ ಸುತ್ತಿಸಿಯೇ ಕರೆದೊಯ್ಯುತ್ತಿದ್ದ. ಮದುವೆಯಾದ ಮೇಲೆ ಅವಳು ಜೋಬ್‌ನ ಜೊತೆ ಸೇತುವೆ ದಾಟತೊಡಗಿದಳು. ಅಂದಿನಿಂದ ಪ್ರತಿ ಸಂಜೆ, ಅವಳು ಈಚೆ ದಡಕ್ಕೆ ಕಾಲಿಡುವವರೆಗೂ ಮುದುಕ ಬಾಗಿಲಲ್ಲಿ ನಿಂತಿರುತ್ತಿದ್ದ. ಅಪ್ಪನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಅವಳು ಅಂದುಕೊಂಡಿದ್ದಳು.

ಲಂಗ ಅವಳ ಕೈಯಲ್ಲೇ ಉಳಿಯಿತು. "ಅಪ್ಪ, ನಿನ್ನ ಮೊಣಕಾಲಿಗೆ ಏನೂ ಆಗಿಲ್ಲ ಅಲ್ವಾ?"

ಈನಾಕ್ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಬೆಳಗ್ಗೆ ಆರಕ್ಕೆ ಕಾರ್ಖಾನೆಯ ಸೈರನ್ ಕೂಗುವ ಮೊದಲೇ ಥರ್ಜಾ ಸೇತುವೆಯ ಬುಡದಲ್ಲಿದ್ದಳು. ಎರಡೂ ಕೈ ಚಾಚಿ ಕಂಬಿಗಳನ್ನು ಹಿಡಿದು ದಾರಿಗೆ ಅಡ್ಡ ನಿಂತಿದ್ದಳು. ಜನ ಬಂದರು, ನಿಂತರು, ಗುಂಪಾಯಿತು. "ದಾರಿ ಬಿಡಕ್ಕ, ಹೊತ್ತಾಯ್ತು." "ನಿನ್ನೆ ಹಾಡಿನ ನಡುವೆ ಎದ್ಲು, ಇವತ್ತು ಸೇತುವೆ ಮೇಲಾ? ಏನೋ ಮೆಟ್ಕೊಂಡಿದೆ ಇವಳಿಗೆ." "ಸುತ್ತಿ ಹೋಗಿ" ಎಂದಷ್ಟೇ ಅವಳು ಹೇಳಿದಳು. ಯಾಕೆಂದು ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ, ಒಬ್ಬ ಮುದುಕನ ಮೊಣಕಾಲು ಬಿಟ್ಟರೆ. ತಾನು ತಪ್ಪು ತಿಳಿದಿದ್ದರೆ? ಇಡೀ ಊರಿನ ಎದುರು ತಂದೆಯ ಮಾನ ಕಳೆದ ಹಾಗಾಗುತ್ತದೆ. ಹಿಂದಿನವರು ಮುಂದಿನವರನ್ನು ನೂಕುತ್ತಿದ್ದರು. ಒಬ್ಬ ಅವಳ ಮಣಿಕಟ್ಟು ಹಿಡಿದು ಎಳೆದ.

"ಬಿಡೋ ಅವಳನ್ನ."

ಜನ ಸರಿದು ದಾರಿ ಬಿಟ್ಟರು. ಈನಾಕ್ ಕೋಲೂರಿಕೊಂಡು ಬಂದ. ಟೋಪಿ ಇರಲಿಲ್ಲ, ಬೂಟಿನ ದಾರ ಕಟ್ಟಿರಲಿಲ್ಲ. ಮಗಳ ಮುಂದೆ ನಿಂತು ಕೈ ನೀಡಿದ.

"ಬೀಗದ ಕೈ ಕೊಡು ಮಗಳೇ."

ಅವಳು ಏಪ್ರನ್ನಿನ ಜೇಬಿನಿಂದ ಮನೆಯ ಬೀಗದ ಕೈ ತೆಗೆದುಕೊಟ್ಟಳು. ಅವನು ಮೂವತ್ತೊಂದು ವರ್ಷದಲ್ಲಿ ಹತ್ತದಿದ್ದ ಮೆಟ್ಟಿಲನ್ನು ಹತ್ತಿದ. "ಅಪ್ಪ, ಬೇಡ" ಎಂದು ಅವಳು ಕೋಟಿನ ಅಂಚು ಹಿಡಿದಳು. "ನನ್ನೊಬ್ಬನದು ಏನು ಭಾರ ಬಿಡು" ಎಂದು ಕೊಸರಿಕೊಂಡ. ಕಂಬಿಯ ಆಚೆ ಬಾಗಿ, ಸೇತುವೆ ಹೊತ್ತ ಮೊದಲನೆಯ ತೋಳಿಗೆ ತಟ್ಟಿದ. ಟಣ್. ಎರಡನೆಯದು, ಟಣ್. ಮೂರನೆಯದರ ಹತ್ತಿರ ಅವನ ಕೈ ಗಾಳಿಯಲ್ಲೇ ನಿಂತಿತು. ಕೆಳಗೆ ಕಪ್ಪು ನೀರು, ದಡದಲ್ಲಿ ಇನ್ನೂರು ಜನ. ತಟ್ಟಿದ.

ದೊಪ್.

ಎರಕದ ಊರು ಅದು. ಆ ಸದ್ದಿನ ಅರ್ಥ ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಗುಂಪು ತನ್ನಷ್ಟಕ್ಕೆ ಎರಡು ಹೆಜ್ಜೆ ಹಿಂದೆ ಸರಿಯಿತು. ಮುದುಕ ಒಂದೊಂದೇ ಮೆಟ್ಟಿಲು ಇಳಿದು ಬಂದು ಬೀಗದ ಕೈಯನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ಅಷ್ಟೇನಾ ಅಪ್ಪ?" ಎಂದು ಅವಳು ಕೇಳಿದಳು.

ಈನಾಕ್ ಕಾಲುವೆಯ ಉದ್ದಕ್ಕೂ, ಹೊಗೆಯ ಆಚೆಯ ಊರುಗಳ ಕಡೆ ನೋಡಿದ.

"ನೆನಪಿರೋದು ಅಷ್ಟೇ ಮಗಳೇ."